ಸಾಹುಕಾರನ ಹನ್ನೊಂದು ಗಂಟೆ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಬೇಯದೆ ಉಳಿದ ಹನ್ನೆರಡು ಮೊಟ್ಟೆ.

ಬೆಳಿಗ್ಗೆ ಏಳು ಗಂಟೆಗೆ, ದೋಣಿ ಕಟ್ಟುವ ಜೆಟ್ಟಿಯ ಬಾಯಲ್ಲೇ ಇರುವ ತನ್ನ ಚಹಾದಂಗಡಿಯಲ್ಲಿ ಅಕ್ಕ ಎಂದಿನಂತೆ ಪಾತ್ರೆಗೆ ನೀರು ಹಾಕಿ, ಒಂದೊಂದೇ ಮೊಟ್ಟೆಯನ್ನು ಮಗುವಿಗೆ ಸ್ನಾನ ಮಾಡಿಸುವಷ್ಟು ಜೋಪಾನವಾಗಿ ಇಳಿಬಿಡುತ್ತಿದ್ದಳು. ಅವಳ ತಮ್ಮ ಮೇಷ್ಟ್ರು ಸೀದಾ ಒಳಗೆ ಬಂದವರೇ ಗ್ಯಾಸ್ ಒಲೆಯ ಕಿವಿ ಹಿಂಡಿ ಆರಿಸಿಬಿಟ್ಟರು.

“ಇವತ್ತು ಮೊಟ್ಟೆ ಬೇಡ ಅಕ್ಕ.”

“ಯಾಕೆ, ಅವನಿಗೆ ಹೊಟ್ಟೆ ಸರಿ ಇಲ್ವಾ?”

“ಅವನು ಮೀನು. ಅವನ ಊಟ ಅವನು ಹುಡುಕ್ಕೋತಾನೆ.”

“ಆರು ವರ್ಷದಿಂದ ಹುಡುಕದೇ ಇರೋನು ಇವತ್ತು ಹುಡುಕ್ತಾನಾ? ನಿನ್ನ ಭಾವನಿಗೆ ಮದುವೆಯಾದಾಗಿಂದ ತಟ್ಟೆಗೆ ಬಡಿಸಿ ಕೈಗೆ ಕೊಟ್ಟಿದೀನಿ. ನಾಳೆಯಿಂದ ನೀವೇ ಮಾಡ್ಕೊಳ್ಳಿ ಅಂದ್ರೆ ಮಾಡ್ಕೋತಾರಾ? ಅಡುಗೆಮನೆ ಬಾಗಿಲು ಯಾವ ದಿಕ್ಕಿಗಿದೆ ಅನ್ನೋದೇ ಗೊತ್ತಿಲ್ಲ ಆ ಮನುಷ್ಯಂಗೆ.”

ಮೂಲೆಯ ಬೆಂಚಿನಲ್ಲಿ ಕೂತಿದ್ದ ಭಾವ ಕೇಳಿಸದವರಂತೆ ಚಹಾ ಹೀರಿದರು. ಮೇಷ್ಟ್ರು ಪಾತ್ರೆಯಿಂದ ಮೊಟ್ಟೆಗಳನ್ನು ಎತ್ತಿ ಬುಟ್ಟಿಗೆ ಹಾಕಿದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳೇ ಹೊರತು ಮಾತಾಡಲಿಲ್ಲ. ಅಕ್ಕ ಮಾತಾಡದಿರುವುದು ಒಳ್ಳೆಯ ಲಕ್ಷಣವಲ್ಲವೆಂಬುದು ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿತ್ತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಂದ ಪ್ರವಾಸಿಗಳಿಗೆ ಮಾಸ್ಕು, ಉಸಿರಿನ ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ ತೊಡಿಸಿ, ಕೊಲ್ಲಿಯ ನಡುವಿನ ಹವಳದ ದಿಬ್ಬದ ಮೇಲೆ ತೇಲಿಸಿ, ಕೆಳಗಿನ ಲೋಕ ತೋರಿಸಿ ಕರೆತರುವುದು ಅವರ ಕೆಲಸ. ನೀರಿಗಿಳಿಯುವ ಮುಂಚೆ ಅರ್ಧ ಗಂಟೆ, ಹತ್ತಿದ ಮೇಲೆ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ದೋಣಿ ನಡೆಸುವವರು ಅವರ ಅಕ್ಕನ ಗಂಡ, ಅಂದರೆ ಈ ಭಾವ. ಆರು ವರ್ಷದ ಹಿಂದೆ ಒಂದು ದಿನ ಊಟದ ಡಬ್ಬಿಯಲ್ಲಿ ಉಳಿದ ಅರ್ಧ ಮೊಟ್ಟೆಯನ್ನು ಭಾವ ನೀರಿಗೆ ಎಸೆದಿದ್ದರು. ಬಂಡೆಯ ಸಂದಿನಿಂದ ದಪ್ಪ ತುಟಿಯ, ಆಳಿನ ಎದೆಯವರೆಗೆ ಬರುವಷ್ಟು ಉದ್ದದ ಮೀನೊಂದು ಬಂದು ಅದನ್ನು ನುಂಗಿತು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟೇ. ಒಂದು ಜೀವವನ್ನು ಹಾಳು ಮಾಡಲು ಅರ್ಧ ಮೊಟ್ಟೆ ಮತ್ತು ಒಂದು ಚಪ್ಪಾಳೆ ಸಾಕು.

ಅಲ್ಲಿಯವರೆಗೆ ಏಡಿ, ಆಕ್ಟೋಪಸ್ ಹಿಡಿದು ಬದುಕುತ್ತಿದ್ದ ಆ ಮೀನು ಬೇಟೆ ಬಿಟ್ಟಿತು. ದಿನಾ ಹನ್ನೊಂದು ಗಂಟೆಗೆ ದೋಣಿಯ ಏಣಿಯ ಕೆಳಗೆ ಬಂದು, ಬಾಯಿ ಅರ್ಧ ತೆರೆದು, ಬರಬೇಕಾದ್ದು ಬಂದೇ ಬರುತ್ತದೆಂಬ ಗತ್ತಿನಲ್ಲಿ ನಿಲ್ಲತೊಡಗಿತು. ದುಡಿಯುವುದಿಲ್ಲ, ಕೊಡುವುದಿಲ್ಲ, ತಿನ್ನುವುದು ಮಾತ್ರ ಬಿಡುವುದಿಲ್ಲ ಎಂದು ಜೆಟ್ಟಿಯವರು ಅದಕ್ಕೆ ‘ಸಾಹುಕಾರ’ ಎಂದು ಹೆಸರಿಟ್ಟರು. ಜನ ಸಮುದ್ರ ನೋಡಲು ಬರುವುದು ನಿಂತು, ಸಾಹುಕಾರ ಮೊಟ್ಟೆ ನುಂಗುವುದನ್ನು ನೋಡಲು ಬರತೊಡಗಿದರು.

ಸಮುದ್ರ ಯಾರಪ್ಪನ ಮನೆಯದೂ ಅಲ್ಲ. ಆದರೆ ಅಲ್ಲಿಗಿಳಿಯುವ ಪ್ರತಿಯೊಬ್ಬನೂ ಅದು ತನ್ನಪ್ಪನ ಹಿತ್ತಲೆಂದೇ ತಿಳಿದಿರುತ್ತಾನೆ. ಉಸಿರಾಡಲು ಮೇಲೆ ಬಂದ ಕಡಲಾಮೆಯ ಬೆನ್ನಿನ ಮೇಲೆ ಕೂತು ಫೋಟೋ ತೆಗೆಸಿಕೊಂಡವರನ್ನು ಮೇಷ್ಟ್ರು ಕಂಡಿದ್ದರು. ಷೋಕೇಸಿನಲ್ಲಿ ಇಡಲು ಜೀವಂತ ನಕ್ಷತ್ರಮೀನನ್ನು ಟವೆಲಿನಲ್ಲಿ ಸುತ್ತಿಕೊಂಡವರನ್ನು ಕಂಡಿದ್ದರು. ಬೆರಳುದ್ದ ಬೆಳೆಯಲು ವರ್ಷಗಟ್ಟಲೆ ಹಿಡಿದ ಹವಳದ ಮೇಲೆ ನಿಂತು “ಇಲ್ಲಿ ನೆಲ ಸಿಗುತ್ತೆ, ಬಾರೇ” ಎಂದು ಹೆಂಡತಿಯನ್ನು ಕರೆದವನನ್ನೂ ಕಂಡಿದ್ದರು. ಇವರ ಮನೆಗೆ ಯಾರಾದರೂ ನುಗ್ಗಿ ಅಜ್ಜಿಯ ಬೆನ್ನೇರಿ ಕೂತರೆ ಸುಮ್ಮನಿರುತ್ತಾರೆಯೇ? ಈ ಪ್ರಶ್ನೆಯನ್ನು ಮೇಷ್ಟ್ರು ದೋಣಿಯಲ್ಲೇ ಒಮ್ಮೆ ಕೇಳಿದ್ದರು. ಆ ಗಿರಾಕಿ ದೋಣಿಯ ಯಜಮಾನರಿಗೆ ದೂರು ಕೊಟ್ಟಿದ್ದ.

ಎರಡು ವರ್ಷದಲ್ಲಿ ಮೇಷ್ಟ್ರು ಜಲಚರ ರಕ್ಷಣೆಯ ಕಚೇರಿಗೆ ಹನ್ನೊಂದು ಅರ್ಜಿ ಬರೆದರು. ಮೊದಲನೆಯದರಲ್ಲಿ, ಧೈರ್ಯ ಸಾಲದೆ, ತಿನ್ನಿಸುವುದಾದರೆ ಮೊಟ್ಟೆಯ ಸಿಪ್ಪೆಯನ್ನಾದರೂ ಸಮುದ್ರಕ್ಕೆ ಎಸೆಯಬಾರದೆಂದು ನಿಯಮ ಮಾಡಿ ಎಂದು ಕೇಳಿದ್ದರು. ಅದು ಹೇಗೋ ಪಾಸಾಗಿ, ಜೆಟ್ಟಿಯ ಕಂಬಕ್ಕೆ ಸಣ್ಣದೊಂದು ತಗಡಿನ ಫಲಕ ಬಿದ್ದಿತು. ಆ ಗೆಲುವಿನ ಹುರುಪಿನಲ್ಲಿ ಮುಂದಿನ ಹತ್ತರಲ್ಲಿ ತಿನ್ನಿಸುವುದನ್ನೇ ನಿಲ್ಲಿಸಿ ಎಂದು ಬರೆದರು. ಹನ್ನೊಂದನೆಯದಕ್ಕೆ ಉತ್ತರ ಬಂತು. ಪರಿವೀಕ್ಷಕರೊಬ್ಬರು ಬಂದು, ಆಹಾರ ಹಾಕದೆ ಒಂದು ಟ್ರಿಪ್ಪು ಮಾಡಿ, ಸಾರ್ವಜನಿಕರಿಗೆ ತೊಂದರೆಯಾಗದಿದ್ದಲ್ಲಿ ಇಡೀ ಕೊಲ್ಲಿಗೆ ನಿಷೇಧ ಹೊರಡಿಸುವರು. ತೊಂದರೆ ಕಂಡುಬಂದಲ್ಲಿ ಕಡತ ಮುಕ್ತಾಯ.

ಆ ಒಂದು ಟ್ರಿಪ್ಪು ಇವತ್ತಿನದು.

“ಒಂದೇ ದಿನ, ಮೇಷ್ಟ್ರೇ,” ಎಂದಿದ್ದರು ಯಜಮಾನರು. “ಮೀನು ಕಾಣ್ಲಿಲ್ಲ ಅಂತ ಗಿರಾಕಿ ಗಲಾಟೆ ಮಾಡಿದ್ರೆ, ನಿಮಗೇ ಬಾಲ ಕಟ್ಟಿ ನೀರಿಗೆ ಬಿಡ್ತೀನಿ.”

ಹತ್ತು ಗಂಟೆಗೆ ಪರಿವೀಕ್ಷಕರು ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಡತ, ತಲೆಯ ಮೇಲೆ ಕಡುನೀಲಿ ಬಟ್ಟೆಯ ಟೋಪಿ, ಮುಖದಲ್ಲಿ ಯಾರ ಮಾತನ್ನೂ ಪೂರ್ತಿ ಕೇಳಿ ಅಭ್ಯಾಸವಿಲ್ಲದವರ ಆತುರ.

“ಸ್ಥಳದಲ್ಲೇ ಆದೇಶ ಮಾಡೋ ಅಧಿಕಾರ ನನಗಿದೆ. ಗೊತ್ತಿರ್ಲಿ,” ಎಂದರು, ಯಾರೂ ಕೇಳದಿದ್ದರೂ.

ಅವರ ಜೊತೆ ಇಬ್ಬರೇ ಪ್ರವಾಸಿಗಳು. ಒಬ್ಬಾಕೆ ಹಲ್ಲಿನ ಡಾಕ್ಟರಮ್ಮ, ರಜೆಯಲ್ಲಿ ಬಂದವರು. ಇನ್ನೊಬ್ಬ ಮೊಬೈಲ್ ಅಂಗಡಿಯವನು, ಕೋಲಿಗೆ ಕ್ಯಾಮೆರಾ ಕಟ್ಟಿಕೊಂಡು, ಉಗುರಿನ ತನಕ ಸಜ್ಜಾಗಿ ಬಂದಿದ್ದ.

ದೋಣಿ ಹೊರಟಿತು. ಮೇಷ್ಟ್ರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಭಾವ ಅದನ್ನು ಕಂಡು ಇಂಜಿನ್ನಿನ ಸದ್ದು ಸ್ವಲ್ಪ ಜಾಸ್ತಿ ಮಾಡಿದರು.

“ಯಾವುದನ್ನೂ ಮುಟ್ಬೇಡಿ,” ಮೇಷ್ಟ್ರು ಕೂಗಿದರು. “ಬೆನ್ನಟ್ಟಬೇಡಿ. ಹವಳದ ಮೇಲೆ ನಿಲ್ಲಬೇಡಿ. ಸುಸ್ತಾದ್ರೆ ಅಂಗಾತ ತೇಲಿ, ನಾನು ಬರ್ತೀನಿ. ಆಮೆ ಕಂಡ್ರೆ ಎರಡು ಆಳು ದೂರ ಇರಿ, ಅದು ಹೋಗೋ ದಾರಿಗೆ ಅಡ್ಡ ಬರಬೇಡಿ. ಕೈಗವಸು ಯಾರು ಹಾಕಿದೀರಿ? ನೀವಾ? ಬಿಚ್ಚಿ.”

ಮೊಬೈಲ್ ಅಂಗಡಿಯವನು ಬೆರಳು ಮಡಿಸಿಕೊಂಡ. “ಕೈಗೆ ಏನಾದ್ರೂ ಚುಚ್ಚಿದ್ರೆ?”

“ಮುಟ್ಟದೇ ಇದ್ರೆ ಚುಚ್ಚಲ್ಲ. ಕೈಗವಸು ಇದ್ರೆ ಮುಟ್ಟೋ ಧೈರ್ಯ ಬರುತ್ತೆ. ಜೇಬಲ್ಲಿರೋದೇನು?”

“ಬಿಸ್ಕತ್ತು. ನನಗೇ ತಿನ್ನೋಕೆ.”

“ಉಪ್ಪುನೀರೊಳಗೆ?”

ಬಿಸ್ಕತ್ತಿನ ಪೊಟ್ಟಣ ಮೇಷ್ಟ್ರ ಪೆಟ್ಟಿಗೆ ಸೇರಿತು. “ನಾನು ಬಂದಿದ್ದೇ ಆ ಮೊಟ್ಟೆ ಮೀನು ನೋಡೋಕೆ ಸ್ವಾಮಿ,” ಎಂದು ಅವನು ಗೊಣಗಿದ. ಡಾಕ್ಟರಮ್ಮ ಮಾತ್ರ ಮೈಗೆ ಹಚ್ಚುವ ಕ್ರೀಮನ್ನು ತಾವಾಗಿಯೇ ಚೀಲದಿಂದ ತೆಗೆದು ತೋರಿಸಿ, “ಇದು ಹವಳಕ್ಕೆ ಒಳ್ಳೇದಲ್ವಂತೆ, ಅದಕ್ಕೇ ತುಂಬುತೋಳಿನ ಅಂಗಿ ಹಾಕ್ಕೊಂಡು ಬಂದೆ,” ಎಂದರು. ಮೇಷ್ಟ್ರಿಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಎರಡು ವರ್ಷದಲ್ಲಿ ಹೇಳಿಸಿಕೊಳ್ಳದೆ ತಿಳಿದುಕೊಂಡ ಮೊದಲ ಮನುಷ್ಯಪ್ರಾಣಿ.

ಆ ಉತ್ಸಾಹದಲ್ಲೇ ಅವರ ಕಣ್ಣು ಪರಿವೀಕ್ಷಕರ ಟೋಪಿಯ ಮೇಲೆ ಬಿತ್ತು.

“ಸಾರ್, ಟೋಪಿ.”

“ಏನಾಗಿದೆ ಟೋಪಿಗೆ?”

“ಸಡಿಲ ವಸ್ತು ನೀರಿಗೆ ಒಯ್ಯಬಾರದು ಸಾರ್. ಅಲೆಗೆ ಹಾರಿ ಬಿದ್ರೆ ಆಮೆ ತಿನ್ನುತ್ತೆ. ಏಳನೇ ನಿಯಮ. ನಾನೇ ಬರೆದಿದ್ದು.”

ಪರಿವೀಕ್ಷಕರು ಒಂದು ಗಳಿಗೆ ಮೇಷ್ಟ್ರನ್ನು ದಿಟ್ಟಿಸಿದರು. ನಂತರ, ತಾವು ಬಂದಿರುವುದೇ ನಿಯಮ ನೋಡಲು ಎಂಬುದು ನೆನಪಾಗಿ, ಟೋಪಿ ತೆಗೆದರು.

ಒಳಗೆ ಒಂದೂ ಕೂದಲಿರಲಿಲ್ಲ. ಬಿಸಿಲು ಕಾಣದ, ನುಣುಪಾದ, ಬೆಳ್ಳಗಿನ, ಮೇಲೆ ಸ್ವಲ್ಪ ಚೂಪಾದ ಬುರುಡೆ. ಈಗಷ್ಟೇ ಸಿಪ್ಪೆ ಸುಲಿದಿಟ್ಟಂತೆ ಅದು ಬೆಳಕಿಗೆ ಮಿನುಗಿತು.

ಭಾವ ಇಂಜಿನ್ನಿನ ಸದ್ದು ಪೂರ್ತಿ ಇಳಿಸಿದರು. ಮೇಷ್ಟ್ರ ಕಿವಿಯ ಹತ್ತಿರ ಬಾಗಿ, “ಮೇಷ್ಟ್ರೇ, ಆ ಟೋಪಿ ಹಾಕ್ಕೊಳ್ಳಿ ಅನ್ನಿ,” ಎಂದರು.

“ನಿಯಮ ಎಲ್ಲರಿಗೂ ಒಂದೇ, ಭಾವ.”

“ನಿಯಮ ಒಂದೇ. ತಲೆ ಒಂದೇ ಥರ ಇಲ್ವಲ್ಲ.”

ಮೇಷ್ಟ್ರು ಗಮನ ಕೊಡಲಿಲ್ಲ. ಮೊಟ್ಟೆಯ ಕಡೆಯವರ ಮಾತೆಂದು ತಳ್ಳಿಹಾಕಿದರು.

ಹತ್ತೂವರೆಗೆ ನೀರಿಗಿಳಿದರು. ಆ ಅರ್ಧ ಗಂಟೆಯನ್ನು ಮೇಷ್ಟ್ರು ಬದುಕಿರುವವರೆಗೂ ಮರೆಯುವಂತಿಲ್ಲ. ಮೂವರೂ ನೀರಿನ ಮೇಲಿನ ಎಲೆಗಳಂತೆ ತೇಲಿದರು. ಯಾರ ಕಾಲೂ ಮರಳು ಕದಡಲಿಲ್ಲ. ಮೊಬೈಲ್ ಅಂಗಡಿಯವನು ಕೂಡ, ಅಭ್ಯಾಸಬಲದಿಂದ ಒಮ್ಮೆ ಚಾಚಿದ ಕೈಯನ್ನು ತಾನೇ ಹಿಂದಕ್ಕೆಳೆದು ಎದೆಗೆ ಕಟ್ಟಿಕೊಂಡ. ಕೆಳಗೆ ಹಳೆಯ ಆಮೆಯೊಂದು ಹುಲ್ಲು ಮೇಯುತ್ತಿತ್ತು. ಎಂದಿನಂತೆ ಜನ ಕಂಡೊಡನೆ ಓಡದೆ, ತಲೆ ಎತ್ತಿ ನೋಡಿ, ಇವರಿಂದೇನೂ ಭಯವಿಲ್ಲವೆಂದು ತೀರ್ಮಾನಿಸಿ, ಮತ್ತೆ ಮೇಯತೊಡಗಿತು. ನಿಧಾನ ಮೇಲೇರಿ ಡಾಕ್ಟರಮ್ಮನಿಂದ ಎರಡಾಳು ದೂರದಲ್ಲಿ ಮೂಗು ಹೊರಗಿಟ್ಟು ಉಸಿರೆಳೆದು ಇಳಿಯಿತು. ಪರಿವೀಕ್ಷಕರು ನೀರಿನಿಂದ ಮುಖವೆತ್ತಿ, ಕೊಳವೆ ಬಾಯಿಂದ ತೆಗೆದು, “ಏನ್ರೀ ಇದು, ಇಷ್ಟು ಹತ್ತಿರ,” ಎಂದರು. ಕಡತದಂತಿದ್ದ ಮುಖ ಈಗ ಮಗುವಿನ ಮುಖವಾಗಿತ್ತು.

ಮೇಷ್ಟ್ರ ಕಣ್ಣು ಮಾಸ್ಕಿನೊಳಗೇ ಒದ್ದೆಯಾಯಿತು. ಗೆದ್ದೆ ಎಂದುಕೊಂಡರು.

ಆಗ ಹನ್ನೊಂದು ಗಂಟೆಯಾಯಿತು.

ಸಾಹುಕಾರ ಬಂದ. ಏಣಿಯ ಕೆಳಗೆ ತನ್ನ ಜಾಗದಲ್ಲಿ ನಿಂತ. ಒಂದು ನಿಮಿಷ ಕಾದ, ಎರಡು ನಿಮಿಷ ಕಾದ. ಆರು ವರ್ಷದಲ್ಲಿ ಮೊಟ್ಟೆ ಎರಡು ನಿಮಿಷವೂ ತಡವಾಗಿದ್ದಿಲ್ಲ. ಬಾಯಿ ಪೂರ್ತಿ ತೆರೆದು, ತಾನು ಬಂದಿರುವುದು ಯಾರಿಗಾದರೂ ಕಾಣದೆ ಹೋಗಿದೆಯೋ ಎಂಬಂತೆ ಏಣಿಗೊಂದು ಸುತ್ತು ಹಾಕಿದ. ಆಮೇಲೆ ವಸೂಲಿಗೆ ಹೊರಟ.

ಮೊದಲು ಮೇಷ್ಟ್ರ ಸೊಂಟದ ಚೀಲಕ್ಕೆ ಗುದ್ದಿದ. ಅದರಲ್ಲಿದ್ದದ್ದು ನಿಯಮಗಳ ಪಟ್ಟಿ. ಮೂಗು ತಿರುಗಿಸಿ ಮೊಬೈಲ್ ಅಂಗಡಿಯವನ ಜೇಬು ತಡಕಿದ. ಅಲ್ಲಿ ಬಿಸ್ಕತ್ತಿನ ವಾಸನೆ ಮಾತ್ರ ಉಳಿದಿತ್ತು. ಕೋಪಕ್ಕೆ ಕ್ಯಾಮೆರಾದ ಗುಂಡಗಿನ ಕಣ್ಣನ್ನು ಬಾಯಿಗೆ ಹಾಕಿ ಚಪ್ಪರಿಸಿ ಉಗುಳಿದ. ಅಂಗಡಿಯವನು ಕೈಕಾಲು ಬಡಿಯುತ್ತ ಏಣಿಯ ಕಡೆ ಈಜಿದ. ಡಾಕ್ಟರಮ್ಮ ಅಲುಗದೆ, ಹೇಳಿಕೊಟ್ಟಂತೆ ಕೈ ಮಡಿಸಿ ತೇಲಿದರು. ಸಾಹುಕಾರ ಆಕೆಯನ್ನು ಬಿಟ್ಟು ಮುಂದೆ ಹೋದ.

ಮುಂದೆ ಪರಿವೀಕ್ಷಕರು ಬೋರಲು ತೇಲುತ್ತಿದ್ದರು. ನೀರಿನ ಬೆಳಕಿನಲ್ಲಿ ಅವರ ತಲೆ ಬೆಳ್ಳಗೆ, ದುಂಡಗೆ ಹೊಳೆಯಿತು.

ಸಾಹುಕಾರ ನಿಂತ. ಪಾಪ, ಅವನ ಮನಸ್ಸಿನಲ್ಲಿ ಏನು ನಡೆದಿರಬಹುದು ಎಂಬುದನ್ನು ಊಹಿಸಬಹುದು. ಇಷ್ಟು ಹೊತ್ತು ಕಾಯಿಸಿದ್ದಕ್ಕೆ ತಪ್ಪುದಂಡವಾಗಿ ಹನ್ನೆರಡನ್ನೂ ಸೇರಿಸಿ ಒಂದೇ ಮಾಡಿ ಕಳಿಸಿದ್ದಾರೆ.

ಬಾಯಿ ತೆರೆದವನೇ ಪರಿವೀಕ್ಷಕರ ತಲೆಯನ್ನು ಕಿವಿಯ ಮೇಲ್ಭಾಗದವರೆಗೆ ಕವಿದುಕೊಂಡ.

ಕೊಳವೆಯ ತುದಿಯಿಂದ ಹೊರಟ ಕೂಗು ರೈಲಿನದಂತಿತ್ತು. ಮೇಷ್ಟ್ರು ಬಾಣದಂತೆ ಈಜಿ ಹೋದರು. ಹೋಗಿ, ಎರಡು ಮೊಳ ದೂರದಲ್ಲಿ ಗಕ್ಕನೆ ನಿಂತರು. ಜಲಚರಗಳನ್ನು ಮುಟ್ಟಬಾರದು. ಅದರ ಮೈಮೇಲಿನ ಲೋಳೆ ಅಳಿಸಿದರೆ ರೋಗ ಬರುತ್ತದೆ. ಒಂದನೇ ನಿಯಮ. ನಾನೇ ಬರೆದಿದ್ದು. ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ಸಾಹುಕಾರನ ಕಣ್ಣಲ್ಲಿ ಕಣ್ಣಿಟ್ಟು, ಕೊಳವೆಯ ಮೂಲಕ “ಬೂ, ಬೂ” ಎಂದು ಗದರಿಸತೊಡಗಿದರು. ಸಾಹುಕಾರ ಅವರನ್ನು ನೋಡಿದ. ಬಾಯಲ್ಲಿ ಕಚೇರಿಯ ತಲೆಯಿಟ್ಟುಕೊಂಡವನು ಯಾರಿಗಾದರೂ ಹೆದರುತ್ತಾನೆಯೇ?

ಪರಿವೀಕ್ಷಕರು ತಲೆ ಎತ್ತಿದರು. ಮೀನೂ ಜೊತೆಗೇ ಎದ್ದಿತು. ದೋಣಿಯಿಂದ ನೋಡಿದ ಭಾವನಿಗೆ, ಸಾಹೇಬರು ಬಾಲವಿರುವ ಕಿರೀಟ ಧರಿಸಿದಂತೆ ಕಂಡಿತು. ಭಾವ ತಡಮಾಡಲಿಲ್ಲ. ಸೀಟಿನ ಕೆಳಗಿನ ಊಟದ ಡಬ್ಬಿ ತೆರೆದರು. ಅಕ್ಕ ಮಾತಾಡದೆ ಇದ್ದದ್ದು ಸುಮ್ಮನೆ ಅಲ್ಲ, ಗಂಡನ ಡಬ್ಬಿಯಲ್ಲಿ ನಿನ್ನೆಯ ಒಂದು ಬೆಂದ ಮೊಟ್ಟೆ ಇಟ್ಟಿದ್ದಳು. ಭಾವ ಅದನ್ನು ಗುರಿಯಿಟ್ಟು ಎಸೆದರು.

ಪುಳಕ್ ಎಂಬ ಸದ್ದಿಗೆ ಸಾಹುಕಾರ ತಲೆ ಬಿಟ್ಟು, ಮೊಟ್ಟೆ ನುಂಗಿ, ಸಭ್ಯನಂತೆ ಬಂಡೆಯ ಸಂದಿಗೆ ಹಿಂದಿರುಗಿದ. ಮೊಟ್ಟೆ ಬಿದ್ದ ಮೇಲೆ ಎಲ್ಲ ಮೂರು ಸೆಕೆಂಡಿನಲ್ಲಿ ಮುಗಿಯಿತು.

ದೋಣಿಯಲ್ಲಿ ಡಾಕ್ಟರಮ್ಮ ತಲೆಯನ್ನು ಬೆಳಕಿಗೆ ತಿರುಗಿಸಿ ಪರೀಕ್ಷಿಸಿದರು. “ಗಾಯ ಆಗಿಲ್ಲ. ಕಚ್ಚಿಲ್ಲ, ಚೀಪಿದೆ ಅಷ್ಟೆ. ಹಲ್ಲು ಸಣ್ಣವು, ಆದ್ರೆ ಬಹಳ ಆರೋಗ್ಯವಾಗಿವೆ.” ಬಿಸಿ ಲೋಟ ಇಟ್ಟೆತ್ತಿದ ಮೇಜಿನ ಮೇಲೆ ಉಳಿಯುವ ಗುರುತಿನಂತೆ, ತಲೆಯ ಸುತ್ತ ಕೆಂಪು ಉಂಗುರವೊಂದು ಮೂಡಿತ್ತು. ಪರಿವೀಕ್ಷಕರು ಟೋಪಿ ಹಾಕಿಕೊಂಡರು.

ಜೆಟ್ಟಿಯಲ್ಲಿ ಸುದ್ದಿ ಮೊದಲೇ ಇಳಿದಿತ್ತು. ಮೊಬೈಲ್ ಅಂಗಡಿಯವನು ದಾರಿಯಲ್ಲೇ ವೀಡಿಯೋ ಕಳಿಸಿಬಿಟ್ಟಿದ್ದ.

“ಬಾಲ ಎಲ್ಲಿ ಕಟ್ಟಲಿ ಹೇಳಿ ಮೇಷ್ಟ್ರೇ,” ಎಂದರು ಯಜಮಾನರು.

“ಒಲೆ ಆರಿಸ್ದಾಗ್ಲೇ ಅಂದ್ಕೊಂಡೆ,” ಎಂದಳು ಅಕ್ಕ. “ಹಸಿದ ಹೊಟ್ಟೆ ಮುಂದೆ ನಿನ್ನ ಪಟ್ಟಿ ಓದಿದ್ಯಾ?”

“ದೋಣಿಯವರು ಇಲ್ದಿದ್ರೆ ಸಾಹೇಬರ ಗತಿ ಏನಾಗ್ತಿತ್ತು,” ಎಂದ ಮೊಬೈಲ್ ಅಂಗಡಿಯವನು. ಭಾವ ವಿನಯದಿಂದ ನೆಲ ನೋಡಿದರು.

ಮೇಷ್ಟ್ರ ತಲೆಯೊಳಗೆ ಎರಡು ವರ್ಷದಿಂದ ಕುದಿಯುತ್ತಿದ್ದದ್ದು ಆಗ ಉಕ್ಕಿತು.

“ಅವನ ತಪ್ಪೇನಿದೆ ಹೇಳಿ,” ಎಂದರು. “ಬೇಟೆಯಾಡ್ಕೊಂಡು ಮರ್ಯಾದೆಯಿಂದ ಬದುಕ್ತಿದ್ದ ಮೀನು. ನಮ್ಮ ಚಪ್ಪಾಳೆಗೋಸ್ಕರ ಅದನ್ನ ಭಿಕ್ಷುಕ ಮಾಡಿದ್ವಿ. ಆಮೇಲೆ ಭಿಕ್ಷೆ ತಪ್ಪಿದ ದಿನ ಅದು ಕೈ ಚಾಚಿದ್ರೆ ಪುಂಡ ಅಂತೀವಿ. ಇವತ್ತು ಆಮೆ ನೋಡಿದ್ರಲ್ಲ ಸಾರ್, ಅದಕ್ಕೆ ಯಾರೂ ಏನೂ ಕೊಟ್ಟಿಲ್ಲ, ಅದು ಯಾರ ತಂಟೆಗೂ ಬರ್ಲಿಲ್ಲ. ನಿಮ್ಮ ತಲೆ ಮೇಲಿರೋ ಗುರುತು ಮೀನಿಂದಲ್ಲ, ಆರು ವರ್ಷದ ಮೊಟ್ಟೆದು. ಕಡತ ಮುಚ್ಚೋದಾದ್ರೆ ಮುಚ್ಚಿ. ಆದ್ರೆ ಅದ್ರಲ್ಲಿ ಇಷ್ಟು ಬರೆದು ಮುಚ್ಚಿ.”

ಡಾಕ್ಟರಮ್ಮ ಮೆಲ್ಲಗೆ, “ಸರಿಯಾಗೇ ಹೇಳಿದ್ರು,” ಎಂದರು.

ಪರಿವೀಕ್ಷಕರು ಟೋಪಿಯ ಮೇಲಿನಿಂದಲೇ ಉಂಗುರವನ್ನು ಸವರಿಕೊಂಡರು. “ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ,” ಎಂದರು. ಅಕ್ಕನ ಅಂಗಡಿಯ ಮೇಜಿಗೆ ಹೋಗಿ, ಕಡತ ಬಿಚ್ಚಿ, ಅಲ್ಲೇ ಬರೆಯತೊಡಗಿದರು. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೆ ಮುದ್ರೆ ಒತ್ತಿ, ಎದ್ದುನಿಂತು ಗಟ್ಟಿಯಾಗಿ ಓದಿದರು.

“ಒಂದು. ಸದರಿ ಕೊಲ್ಲಿಯಲ್ಲಿ ಪ್ರವಾಸಿಗಳಾಗಲಿ, ದೋಣಿಯವರಾಗಲಿ ಜಲಚರಗಳಿಗೆ ಆಹಾರ ನೀಡುವುದನ್ನು ಈ ಕೂಡಲೇ ಜಾರಿಗೆ ಬರುವಂತೆ ನಿಷೇಧಿಸಲಾಗಿದೆ.”

ಯಜಮಾನರು ಕುರ್ಚಿಯಲ್ಲಿ ಕುಸಿದರು. ಮೇಷ್ಟ್ರು ಕಂಬ ಹಿಡಿದುಕೊಂಡರು. ಅಕ್ಕನ ಮುಖ ಕೂಡ, ಒಂದು ಗಳಿಗೆ, ತಮ್ಮನ ಮೇಲಿನ ಹೆಮ್ಮೆಗೆ ಅರಳಿತು.

“ಎರಡು,” ಪರಿವೀಕ್ಷಕರು ಮುಂದುವರಿಸಿದರು. “ಆಹಾರ ಸಿಗದೆ ಹಸಿದ ಸದರಿ ಮೀನು ಸಾರ್ವಜನಿಕರ ತಲೆಗೆ ಬಾಯಿ ಹಾಕುವುದು ಖುದ್ದು ಅನುಭವದಿಂದ ದೃಢಪಟ್ಟಿರುವುದರಿಂದ, ಪ್ರತಿದಿನ ಮೊದಲ ದೋಣಿ ಹೊರಡುವ ಮುನ್ನ ಸದರಿ ಮೀನಿಗೆ ಹನ್ನೆರಡು ಬೆಂದ ಮೊಟ್ಟೆ ನೀಡಿ ತೃಪ್ತಿಪಡಿಸತಕ್ಕದ್ದು. ಈ ಕಾರ್ಯಕ್ಕೆ ನಿಯಮಗಳನ್ನು ಬಲ್ಲ, ಮೀನಿನ ಬಗ್ಗೆ ಕಾಳಜಿಯುಳ್ಳ, ಅದನ್ನು ಮುಟ್ಟದ ಶಿಸ್ತು ನನ್ನ ಕಣ್ಣೆದುರೇ ತೋರಿಸಿದ ಏಕೈಕ ವ್ಯಕ್ತಿಯಾದ ಅರ್ಜಿದಾರರನ್ನೇ ನೇಮಿಸಲಾಗಿದೆ.”

ಮೇಷ್ಟ್ರ ಬಾಯಿ ಸಾಹುಕಾರನ ಬಾಯಿಯಂತೆ ತೆರೆದುಕೊಂಡಿತು.

“ಸಾರ್, ನಾನು ತಿನ್ನಿಸ್ಬಾರ್ದು ಅಂತಲೇ—”

“ಎರಡೂ ಷರತ್ತು ಒಟ್ಟಿಗೇ. ಎರಡನೇದು ಬೇಡ ಅಂದ್ರೆ ಒಂದನೇದೂ ರದ್ದು.”

“ಹಾಗಾದ್ರೆ ವಾರಕ್ಕೊಂದು ಮೊಟ್ಟೆ ಕಡಿಮೆ ಮಾಡ್ತಾ ಹೋಗ್ತೀನಿ ಸಾರ್. ಮೂರು ತಿಂಗಳಲ್ಲಿ ಅವನೇ ಬೇಟೆಗೆ—”

ಪರಿವೀಕ್ಷಕರು ಟೋಪಿಯನ್ನು ಎರಡೂ ಕೈಯಿಂದ ಕಿವಿಯವರೆಗೆ ಎಳೆದುಕೊಂಡರು. “ಒಂದೂ ಕಡಿಮೆ ಆಗಬಾರದು. ತಿಂಗಳಿಗೊಮ್ಮೆ ನಾನೇ ಬಂದು ನೋಡ್ತೀನಿ. ದಡದಿಂದ.”

ಎಲ್ಲರೂ ಚದುರಿದರು. ಡಾಕ್ಟರಮ್ಮ ಹೋಗುವಾಗ ಮೇಷ್ಟ್ರ ಕಡೆ ನೋಡಿ ಕೈ ಮುಗಿದು ಹೋದರು. ಕಂಬಕ್ಕೆ ಹೊಸ ಫಲಕ ಹೊಡೆಯಲು ಭಾವನೇ ಸುತ್ತಿಗೆ ತಂದು, “ಎಲ್ಲಿ ಹೊಡೀಲಿ ಮೇಷ್ಟ್ರೇ, ನಿಮ್ಮ ಸಿಪ್ಪೆ ಫಲಕದ ಮೇಲಾ ಕೆಳಗಾ?” ಎಂದು ಕೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಬೆಳಗಿನ ಬುಟ್ಟಿಯನ್ನು ತಂದು ತಮ್ಮನ ಮುಂದಿಟ್ಟಳು. ಹನ್ನೆರಡೂ ಹಾಗೇ ಇದ್ದವು.

“ನಾಳೆ ಎಷ್ಟು ಗಂಟೆಗೆ ಬೇಯಿಸ್ಲಿ, ಅಧಿಕಾರಿಗಳೇ?”

“ಆರಕ್ಕೆ,” ಎಂದರು ಮೇಷ್ಟ್ರು, ನೆಲ ನೋಡುತ್ತ.

“ನಿನ್ನ ಭಾವ ಆದ್ರೆ ಹಾಗೇ ಎಸೀತಿದ್ರು, ಮೀನೇ ಸಿಪ್ಪೆ ಉಗುಳ್ತಿತ್ತು. ನೀನು?”

ಮೇಷ್ಟ್ರು ತಲೆಯೆತ್ತಿ ಕಂಬದ ಮೇಲಿದ್ದ ತಮ್ಮ ಮೊದಲ ಗೆಲುವಿನ ತಗಡನ್ನು ನೋಡಿದರು. ಸಿಪ್ಪೆಯನ್ನು ಸಮುದ್ರಕ್ಕೆ ಎಸೆಯಬಾರದು.

“ಸುಲಿದು ಕೊಡ್ಬೇಕು ಅಕ್ಕ,” ಎಂದರು.